ಆ ಚೂರು ಎಲ್ಲಿ ಹೋಯಿತು?

ನಾನು ಹಲ್ಲಿನ ಡಾಕ್ಟರು, ಆದರೆ ಹಲ್ಲು ಕೀಳುವುದಿಲ್ಲ. ನೆಂಟರಿಷ್ಟರಿಗೆ ಇದು ಇವತ್ತಿಗೂ ಅರ್ಥವಾಗಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಎಲೆಯ ಮುಂದೆ ಕೂತೇ ಬಾಯಿ ತೆರೆದು ‘ಈ ದವಡೆ ಹಲ್ಲೊಂದು ನೋಡೇ’ ಎನ್ನುವ ಚಿಕ್ಕಮ್ಮಂದಿರಿದ್ದಾರೆ. ನೋಡಿ ಹೇಳುತ್ತೇನೆ, ಆದರೆ ನನ್ನ ಕಸುಬೇ ಬೇರೆ. ದಾವಣಗೆರೆ ಸೀಮೆಯ ಒಂದು ದಂತ ವೈದ್ಯಕೀಯ ಕಾಲೇಜಿನಲ್ಲಿ ಬಾಯಿಯ ರೋಗಶಾಸ್ತ್ರ ವಿಭಾಗದಲ್ಲಿದ್ದೇನೆ. ಬೇರೆ ಡಾಕ್ಟರುಗಳು ಬಾಯಿಯಿಂದ, ದವಡೆಯಿಂದ ಕತ್ತರಿಸಿ ತೆಗೆದ ಚೂರುಗಳು ನನ್ನ ಮೇಜಿಗೆ ಬರುತ್ತವೆ. ಅದು ಏನು ಎಂದು ಬರೆದುಕೊಡುವುದು ನನ್ನ ಕೆಲಸ. ಎಷ್ಟೋ ಸಲ ರೋಗಿಯ ಮುಖವನ್ನೇ ನೋಡಿರುವುದಿಲ್ಲ.

ಚೂರನ್ನು ಅಗಲ ಬಾಯಿಯ ಡಬ್ಬಿಯಲ್ಲಿ, ಅದರ ಹತ್ತು ಪಟ್ಟಾದರೂ ಫಾರ್ಮಲಿನ್, ಅಂದರೆ ಕೊಳೆಯದಂತೆ ಕಾಯುವ ದ್ರವ, ಹಾಕಿ ಕಳಿಸಬೇಕು ಎನ್ನುವುದು ನಿಯಮ. ನಮಗೆ ಬರುವುದು ಕೆಮ್ಮಿನ ಸಿರಪ್ಪಿನ ಬಾಟಲಿ, ಮಾತ್ರೆ ಡಬ್ಬಿ, ಒಮ್ಮೊಮ್ಮೆ ಇಂಜೆಕ್ಷನ್ನಿನ ಗಾಜಿನ ಶೀಶೆ. ಮೆತ್ತಗಿದ್ದಾಗ ಶೀಶೆಯ ಸಣ್ಣ ಕತ್ತಿನಲ್ಲಿ ನುಗ್ಗಿಸಿದ ಮಾಂಸ ಫಾರ್ಮಲಿನ್ನಿನಲ್ಲಿ ಗಟ್ಟಿಯಾದ ಮೇಲೆ ಹೊರಗೆ ಬರುವುದಿಲ್ಲ, ಶೀಶೆಯನ್ನೇ ಒಡೆಯಬೇಕು. ಕೆಲವರು ಗ್ಲೂಕೋಸ್ ಬಾಟಲಿಯ ಉಪ್ಪುನೀರಿನಲ್ಲಿ ಹಾಕಿ ಕಳಿಸುತ್ತಾರೆ. ನಮ್ಮನ್ನು ಮುಟ್ಟುವ ಹೊತ್ತಿಗೆ ಅದು ಕೊಳೆಯಲು ಶುರುವಾಗಿರುತ್ತದೆ. ಆದರೂ ಹೇಗೋ ಬಂತಲ್ಲ, ಅದೇ ಪುಣ್ಯ. ನನ್ನ ತಕರಾರು ಇರುವುದು ಬಾರದೇ ಹೋದ ಚೂರುಗಳ ಬಗ್ಗೆ.

ಮೈಯಲ್ಲಿ ಅಷ್ಟೊಂದು ಎಲುಬುಗಳಿದ್ದರೂ ಒಳಗೆ ನೀರು ತುಂಬಿದ ಚೀಲ, ಅಂದರೆ ಸಿಸ್ಟ್, ಎಲ್ಲಕ್ಕಿಂತ ಹೆಚ್ಚಾಗಿ ಬೆಳೆಯುವುದು ದವಡೆಯಲ್ಲಿ. ಕಾರಣ ಹಲ್ಲು. ಮಗು ಗರ್ಭದಲ್ಲಿರುವಾಗಲೇ ಬಾಯಿಯ ಒಳಪೊರೆ ದವಡೆಯೊಳಕ್ಕೆ ಇಳಿದು ಅಲ್ಲಿ ಹಲ್ಲಿನ ಮೊಳಕೆ ಕಟ್ಟುತ್ತದೆ. ಹಲ್ಲು ಕಟ್ಟಿ ಮುಗಿದ ಮೇಲೂ ಆ ಪೊರೆಯ ಕೆಲವು ಜೀವಕೋಶಗಳು ಬೇರಿನ ಸುತ್ತಮುತ್ತ ಉಳಿದುಬಿಡುತ್ತವೆ. 1880ರ ದಶಕದಲ್ಲಿ ಫ್ರಾನ್ಸಿನ ಮಲಸೇ ಎಂಬ ವೈದ್ಯ ಇವನ್ನು ವಿವರಿಸಿದ. ಇಂದಿಗೂ ಅವನ ಹೆಸರಿನಲ್ಲೇ ಕರೆಯುತ್ತೇವೆ. ನಿಮ್ಮ ದವಡೆಯಲ್ಲೂ ಇವೆ, ನನ್ನ ದವಡೆಯಲ್ಲೂ ಇವೆ. ಬಹುಪಾಲು ಜನರಲ್ಲಿ ಕಡೆಯವರೆಗೂ ಸುಮ್ಮನಿರುತ್ತವೆ. ಕೆಲವರಲ್ಲಿ ಯಾವುದೋ ಒಂದು ಕಾರಣ ಅವನ್ನು ಎಬ್ಬಿಸುತ್ತದೆ.

ಹಾಗೆ ಎಬ್ಬಿಸುವ ಮಾಮೂಲಿ ಕಾರಣ ಸತ್ತ ಹಲ್ಲು. ಹರಿಹರದ ಕಡೆಯ ಗ್ಯಾರೇಜ್ ಮೆಕ್ಯಾನಿಕ್ ಒಬ್ಬರು ಮೇಲ್ದುಟಿಯ ಒಳಗೆ ಗುಂಡಗೆ ಉಬ್ಬಿಕೊಂಡು ಬಂದಿದ್ದರು. ‘ಹಲ್ ನೋವೇ ಇಲ್ರೀ ಮೇಡಂ, ಬರೇ ಇಲ್ಲಿ ಉಬ್ಬೈತಿ’ ಎಂದರು. ಮುಂದಿನ ಹಲ್ಲೊಂದು ಕಂದು ಬಣ್ಣಕ್ಕೆ ತಿರುಗಿತ್ತು. ಯಾವಾಗ ಬಿದ್ದಿದ್ರಿ ಎಂದರೆ ಮೊದಲು ಇಲ್ಲವೆಂದರು. ಆಮೇಲೆ ಜೊತೆಗಿದ್ದ ಅಕ್ಕ ನೆನಪಿಸಿದರು, ನಾಲ್ಕನೇ ಕ್ಲಾಸಿನಲ್ಲಿ ಕಬಡ್ಡಿ ಆಡುವಾಗ. ಅವತ್ತು ಪೆಟ್ಟು ತಿಂದ ಹಲ್ಲಿನೊಳಗಿನ ನರ, ರಕ್ತನಾಳ ಸತ್ತಿದ್ದವು. ಸತ್ತ ಹಲ್ಲು ನೋಯುವುದಿಲ್ಲ; ಆದ್ದರಿಂದಲೇ ಅದನ್ನು ಯಾರೂ ಕೇಳುವುದಿಲ್ಲ. ಬೇರಿನ ತುದಿಯಿಂದ ಸೋಂಕು ಸಣ್ಣಗೆ ಹೊರಗೆ ಸೋರುತ್ತಲೇ ಇರುತ್ತದೆ, ಅಲ್ಲಿ ಮಲಗಿದ್ದ ಮಲಸೇ ಕೋಶಗಳು ಕೆರಳಿ ಗುಂಪಾಗುತ್ತವೆ. ಗುಂಪಿನ ನಡುವಿನವು ಪೋಷಣೆ ಸಿಗದೆ ಕರಗುತ್ತವೆ, ಅಲ್ಲಿ ಟೊಳ್ಳಾಗುತ್ತದೆ, ಆ ಟೊಳ್ಳು ಸುತ್ತಲಿನ ನೀರನ್ನು ಎಳೆದುಕೊಂಡು ಹಿಗ್ಗುತ್ತದೆ. ಹಿಗ್ಗಿದಷ್ಟೂ ಸುತ್ತಲಿನ ಎಲುಬು ಕರಗಿ ಜಾಗ ಬಿಡುತ್ತದೆ. ವರ್ಷಗಟ್ಟಲೆ ಹೀಗೇ ನಡೆಯುತ್ತದೆ. ದವಡೆಯಲ್ಲಿ ಅತಿ ಸಾಮಾನ್ಯವಾಗಿ ಕಾಣುವ ಸಿಸ್ಟ್ ಇದೇ.

ಇದನ್ನು ಹಿಡಿಯುವುದು ಕಷ್ಟವಲ್ಲ. ಹಲ್ಲಿಗೆ ತಣ್ಣನೆಯದನ್ನು ಮುಟ್ಟಿಸಿದರೆ ಜೀವ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಎಕ್ಸ್-ರೇಯಲ್ಲಿ ಬೇರಿನ ತುದಿಗೆ ಅಂಟಿಕೊಂಡ ಕಪ್ಪು ಗುಂಡು, ಸುತ್ತ ತೆಳುವಾದ ಬಿಳಿ ಗೆರೆ. ಸರ್ಜನ್ ಸೂಜಿ ಚುಚ್ಚಿ ಎಳೆದರೆ ಒಣಹುಲ್ಲಿನ ಬಣ್ಣದ ನೀರು ಬರುತ್ತದೆ. ಬೆಳಕಿಗೆ ಹಿಡಿದರೆ ಅದರಲ್ಲಿ ಕೊಲೆಸ್ಟರಾಲ್ ಹರಳುಗಳು ಮಿನುಗುತ್ತವೆ. ಸೂಜಿ ಚುಚ್ಚಿ ನೋಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಸಿರಿಂಜಿನಲ್ಲಿ ನೀರಿನ ಬದಲು ಕೆಂಪು ರಕ್ತ ಸರಾಗವಾಗಿ ಬಂದರೆ ಸರ್ಜನ್ ಅಲ್ಲಿಗೇ ಕೈ ನಿಲ್ಲಿಸಬೇಕು. ಅದು ರಕ್ತನಾಳಗಳ ಗಂಟಿರಬಹುದು, ಗೊತ್ತಿಲ್ಲದೆ ಕತ್ತರಿ ಹಾಕಿದರೆ ಜೀವಕ್ಕೇ ಅಪಾಯ. ಮೆಕ್ಯಾನಿಕ್‌ಗೆ ಅಂಥದ್ದೇನೂ ಇರಲಿಲ್ಲ. ರೂಟ್ ಕೆನಾಲ್ ಮಾಡಿ, ಚೀಲ ಬಿಡಿಸಿ ತೆಗೆದು, ಅದನ್ನು ನಮಗೆ ಕಳಿಸಿದರು. ಅಂದುಕೊಂಡದ್ದೇ ಆಗಿತ್ತು.

ಎಲ್ಲವೂ ಹೀಗೆ ಅಂದುಕೊಂಡಂತೆ ಆಗುವುದಿದ್ದರೆ ನನಗೆ ಕೆಲಸವೇ ಇರುತ್ತಿರಲಿಲ್ಲ.

ಕೆಳದವಡೆಯ ಕೊನೆಯ ಹಲ್ಲನ್ನು, ಅಂದರೆ ಬುದ್ಧಿಹಲ್ಲನ್ನು, ನೋಡೋಣ. ಎಷ್ಟೋ ಜನರಲ್ಲಿ ಅದು ಹೊರಗೆ ಬರಲು ಜಾಗವಿಲ್ಲದೆ ಎಲುಬಿನೊಳಗೇ ಅಡ್ಡ ಮಲಗಿರುತ್ತದೆ. ತಲೆಯ ಸುತ್ತ ತಿರುಗಿ ಎರಡೂ ದವಡೆಯನ್ನು ಒಂದೇ ಚಿತ್ರದಲ್ಲಿ ತೋರಿಸುವ ಎಕ್ಸ್-ರೇ ಇದೆಯಲ್ಲ, ಓಪಿಜಿ, ಅದರಲ್ಲಿ ಆ ಹಲ್ಲಿನ ತಲೆಯ ಸುತ್ತ ಕಪ್ಪನೆಯ ಪೊಳ್ಳು ಕಾಣುತ್ತದೆ. ಹುಟ್ಟದ ಹಲ್ಲನ್ನು ಸುತ್ತಿದ ಪೊರೆಯಲ್ಲೇ ನೀರು ತುಂಬಿಕೊಂಡು ಆಗುವ ಸಾಧು ಸಿಸ್ಟ್ ಹೀಗೆ ಕಾಣುತ್ತದೆ. ಕೆರಟೋಸಿಸ್ಟ್ ಎಂಬ ಹಟಮಾರಿಯೂ ಹೀಗೇ ಕಾಣಬಹುದು. ಅಮೆಲೋಬ್ಲಾಸ್ಟೋಮಾ ಎಂಬ ಗಡ್ಡೆಯೂ ಆರಂಭದಲ್ಲಿ ಥೇಟ್ ಹೀಗೇ ಕಾಣಬಹುದು. ಮೊದಲನೆಯದನ್ನು ಹಲ್ಲಿನ ಸಮೇತ ತೆಗೆದರೆ ಮುಗಿಯಿತು. ಎರಡನೆಯದು ಬಿಟ್ಟ ಜಾಗದಲ್ಲೇ ಮತ್ತೆ ಮತ್ತೆ ಹುಟ್ಟುತ್ತದೆ. ಮೂರನೆಯದು ದವಡೆಯನ್ನೇ ತಿನ್ನುತ್ತದೆ. ಮೂರಕ್ಕೂ ಎಕ್ಸ್-ರೇ ಒಂದೇ. ಎಷ್ಟೇ ಅನುಭವಿ ಡಾಕ್ಟರಾದರೂ ಬರೀ ಚಿತ್ರ ನೋಡಿ ‘ಇದು ಇಂಥದ್ದೇ’ ಎಂದು ಆಣೆ ಮಾಡುವಂತಿಲ್ಲ.

ಹೊನ್ನಾಳಿ ಕಡೆಯ ಒಬ್ಬ ಹುಡುಗನಿಗೆ ಡಿಗ್ರಿ ಓದುವಾಗ ಬುದ್ಧಿಹಲ್ಲು ತೆಗೆಸಿದ್ದರು. ‘ನೀರಿನ ಚೀಲ ಐತಿ, ಜತೆಗೇ ತೆಗೀತೀವಿ’ ಎಂದಿದ್ದರಂತೆ, ತೆಗೆದಿದ್ದರು. ಕೆಲವು ವರ್ಷದ ಮೇಲೆ ಅದೇ ಕಡೆ ಕೆನ್ನೆ ದಪ್ಪಗಾಯಿತು. ನೋವಿಲ್ಲ, ಜ್ವರವಿಲ್ಲ. ದಪ್ಪಗಾಗಿದ್ದಾನೆ ಎಂದೇ ಮನೆಯವರು ತಿಳಿದಿದ್ದರು. ನಮ್ಮಲ್ಲಿಗೆ ಬರುವ ಹೊತ್ತಿಗೆ ದವಡೆಯ ಮೂಲೆಯಿಂದ ಕಿವಿಯ ಬುಡದವರೆಗೆ ಎಲುಬು ಟೊಳ್ಳಾಗಿತ್ತು. ಚೂರು ತೆಗೆದು ನೋಡಿದರೆ ಅಮೆಲೋಬ್ಲಾಸ್ಟೋಮಾ. ಮೊದಲ ಸಲ ತೆಗೆದದ್ದೂ ಇದೇ ಆಗಿತ್ತೇ, ಸಾಧು ಸಿಸ್ಟ್ ಆಗಿತ್ತೇ? ‘ಆವತ್ತು ತೆಗೆದ ಚೂರು ಎಲ್ಲಿ ಹೋಯ್ತು, ರಿಪೋರ್ಟ್ ಏನಾದ್ರೂ ಐತೇನ್ರಿ?’ ಎಂದು ಕೇಳಿದೆ. ಅವನ ತಂದೆ ಹೇಳಿದರು: ‘ತೆಗ್ದು ನಮಗೂ ತೋರ್ಸಿದ್ರು ಮೇಡಂ, ಆಮೇಲೆ ಬಕೇಟಿಗೆ ಹಾಕಿದ್ರು.’

ಆ ಬಕೇಟಿನ ಮೇಲೆ ನನಗಿರುವಷ್ಟು ಸಿಟ್ಟು ರೋಗದ ಮೇಲೂ ಇಲ್ಲ. ಆ ಕ್ಲಿನಿಕ್ ಯಾವುದು ಎಂಬುದು ಇಲ್ಲಿ ಮುಖ್ಯವಲ್ಲ, ಇಂಥ ಬಕೇಟು ಊರೂರಲ್ಲಿದೆ. ದಂತವೈದ್ಯರು ತಮ್ಮ ಕಡೆಯ ಮಾತನ್ನೂ ಹೇಳುತ್ತಾರೆ. ಪರೀಕ್ಷೆಗೆ ದುಡ್ಡು ಅಂದರೆ ರೋಗಿಗಳು ಮುಖ ಸಿಂಡರಿಸುತ್ತಾರೆ, ಕಳಿಸಲು ಹತ್ತಿರದಲ್ಲಿ ಲ್ಯಾಬಿಲ್ಲ, ನೂರರಲ್ಲಿ ಹೆಚ್ಚಿನವು ಏನೂ ಅಲ್ಲದ್ದೇ ಇರುತ್ತವೆ. ಎಲ್ಲ ನಿಜ. ಏನೂ ಅಲ್ಲ ಎಂದು ಬರೆದುಕೊಡುವುದೂ ನಮ್ಮ ಕೆಲಸವೇ.

ಚೂರು ಬಂದ ಮೇಲೆ ಇಷ್ಟು ದಿನ ಏನು ಮಾಡುತ್ತೀರಿ ಎಂದು ರೋಗಿಗಳ ಕಡೆಯವರು ಫೋನಿನಲ್ಲಿ ಜೋರು ಮಾಡುತ್ತಾರೆ. ಮೊದಲು ಫಾರ್ಮಲಿನ್ ಒಳಗಿನವರೆಗೂ ಇಳಿಯಬೇಕು, ಅದಕ್ಕೇ ಒಂದು ದಿನ. ಚೂರಿನಲ್ಲಿ ಎಲುಬಿದ್ದರೆ ಆಸಿಡ್ಡಿನಲ್ಲಿ ನೆನೆಹಾಕಿ ಸುಣ್ಣದಂಶ ತೆಗೆಯಬೇಕು. ಅದು ಆತುರ ಮಾಡಿದರೆ ಕೆಡುತ್ತದೆ, ದಿನಗಟ್ಟಲೆ ಹಿಡಿಯುತ್ತದೆ. ನಮ್ಮ ಟೆಕ್ನಿಷಿಯನ್ ದಿನಾ ಬೆಳಿಗ್ಗೆ ಸಣ್ಣ ಸೂಜಿ ಚುಚ್ಚಿ ಹದ ನೋಡುತ್ತಾರೆ. ಆಮೇಲೆ ಆಲ್ಕೊಹಾಲಿನಲ್ಲಿ ನೀರು ತೆಗೆದು, ಕರಗಿದ ಮೇಣದಲ್ಲಿ ಮುಳುಗಿಸಿ, ಅಚ್ಚಿನಲ್ಲಿ ಹೆಪ್ಪುಗಟ್ಟಿಸುವುದು. ಈ ಮೇಣದ ಗಟ್ಟಿಯನ್ನೇ ಬ್ಲಾಕ್ ಎನ್ನುವುದು. ಅದನ್ನು ಮೈಕ್ರೋಟೋಮ್ ಎಂಬ ಯಂತ್ರಕ್ಕೆ ಕಚ್ಚಿಸಿ ಹಿಡಿ ತಿರುಗಿಸಿದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ನಾಲ್ಕೈದು ಭಾಗದಷ್ಟು ತೆಳುವಾದ ಹಾಳೆಗಳು ಒಂದಕ್ಕೊಂದು ಅಂಟಿಕೊಂಡು ರಿಬ್ಬನ್ನಾಗಿ ಬರುತ್ತವೆ. ಆ ಹೊತ್ತಿನಲ್ಲಿ ಫ್ಯಾನ್ ಹಾಕುವಂತಿಲ್ಲ, ಯಾರೂ ಸೀನುವಂತಿಲ್ಲ. ರಿಬ್ಬನ್ನನ್ನು ಬೆಚ್ಚನೆಯ ನೀರಿನ ಮೇಲೆ ತೇಲಿಬಿಟ್ಟು ಸುಕ್ಕು ಹೋದ ಮೇಲೆ ಗಾಜಿನ ಸ್ಲೈಡಿನ ಮೇಲೆ ಎತ್ತಿಕೊಳ್ಳುತ್ತಾರೆ. ಕೊನೆಗೆ ಎರಡು ಬಣ್ಣ. ಒಂದು ಹೆಮಟಾಕ್ಸಿಲಿನ್, ಮಧ್ಯ ಅಮೆರಿಕದ ಒಂದು ಮರದ ಚೇಗಿನಿಂದ ಬರುವುದು. ಕೋಶಕೇಂದ್ರಗಳನ್ನು ನೀಲಿ ಮಾಡುತ್ತದೆ. ಇನ್ನೊಂದು ಇಯೋಸಿನ್, ಉಳಿದದ್ದನ್ನೆಲ್ಲ ಗುಲಾಬಿ ಮಾಡುತ್ತದೆ. ನಾನು ದಿನವಿಡೀ ನೋಡುವುದು ಈ ನೀಲಿ ಗುಲಾಬಿಗಳನ್ನೇ.

ಎಕ್ಸ್-ರೇಯಲ್ಲಿ ಒಂದೇ ಥರ ಕಂಡ ಮೂವರು ಇಲ್ಲಿ ಬೇರೆ ಬೇರೆಯಾಗಿ ನಿಲ್ಲುತ್ತಾರೆ. ಸಾಧು ಸಿಸ್ಟಿನ ಒಳಪೊರೆ ಎರಡು ಮೂರು ಸಾಲು ಕೋಶಗಳ ತೆಳುಪದರ, ವಿಶೇಷವೇನಿಲ್ಲ. ಕೆರಟೋಸಿಸ್ಟಿನದು ಆರೆಂಟು ಸಾಲಿನ ಅಚ್ಚುಕಟ್ಟಾದ ಪದರ. ತಳದ ಕೋಶಗಳು ಒತ್ತೊತ್ತಾಗಿ ನೇರ ನಿಂತಿರುತ್ತವೆ, ಮೇಲ್ಮೈ ಸಣ್ಣ ಅಲೆಗಳಾಗಿ ಸುಕ್ಕುಗಟ್ಟಿರುತ್ತದೆ, ಚೀಲದೊಳಗೆ ನೀರಿಗೆ ಬದಲು ಬಿಳಿ ಗಿಣ್ಣಿನಂಥ ಕೆರಟಿನ್. ಅಮೆಲೋಬ್ಲಾಸ್ಟೋಮಾದಲ್ಲಿ ದ್ವೀಪ ದ್ವೀಪವಾಗಿ ಕೋಶಗಳು, ಅಂಚಿನಲ್ಲಿ ಕಂಬ ನಿಲ್ಲಿಸಿದಂಥ ಎತ್ತರದ ಕೋಶಗಳು, ಅವುಗಳ ನೀಲಿ ಕೇಂದ್ರ ತಳ ಬಿಟ್ಟು ಮೇಲಕ್ಕೆ ಸರಿದಿರುತ್ತದೆ, ನಡುವೆ ನಕ್ಷತ್ರದಾಕಾರದ ಸಡಿಲ ಕೋಶಗಳು. ಗರ್ಭದಲ್ಲಿ ಹಲ್ಲಿನ ಎನಾಮಲ್ ಕಟ್ಟುವ ಅಂಗಾಂಶವೂ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಹಲ್ಲು ಕಟ್ಟಬೇಕಾದ ಕೋಶಗಳು ಹಲ್ಲು ಕಟ್ಟದೆ ಬರೀ ಬೆಳೆಯುತ್ತಾ ಹೋಗುತ್ತವೆ, ಅಷ್ಟೇ.

ಕೆರಟೋಸಿಸ್ಟ್ ತಜ್ಞರನ್ನೂ ಆಟ ಆಡಿಸಿದೆ. 1956ರಲ್ಲಿ ಫಿಲಿಪ್ಸನ್ ಎಂಬ ತಜ್ಞ ಅದಕ್ಕೆ ಹೆಸರಿಟ್ಟ. ಅದರ ಹಟ ನೋಡಿ ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಅದನ್ನು ಗಡ್ಡೆಗಳ ಪಟ್ಟಿಗೆ ಸೇರಿಸಿತು, 2017ರಲ್ಲಿ ಮತ್ತೆ ಸಿಸ್ಟುಗಳ ಪಟ್ಟಿಗೆ ತಂದಿತು. ಪಟ್ಟಿ ಯಾವುದಾದರೂ ಇರಲಿ, ರೋಗಿಗೆ ಬೇಕಾದದ್ದು ವರ್ಷಗಟ್ಟಲೆ ಬಿಡದೆ ಎಕ್ಸ್-ರೇ ತೆಗೆಸಿ ನೋಡಿಕೊಳ್ಳುವುದು. ಇದು ಎಲುಬಿನ ಉದ್ದಕ್ಕೆ ಹಬ್ಬುತ್ತದೆ, ಅಡ್ಡಕ್ಕೆ ಉಬ್ಬುವುದು ಕಡಿಮೆ; ಮುಖ ಊದುವ ಹೊತ್ತಿಗೆ ಒಳಗೆ ಬಹಳ ದೂರ ಹೋಗಿರುತ್ತದೆ. ಎಳೆಯ ವಯಸ್ಸಿನವರಲ್ಲಿ ಎರಡು ಮೂರು ಕಡೆ ಕೆರಟೋಸಿಸ್ಟ್ ಕಂಡರೆ ನಾನು ಸರ್ಜನ್ನಿಗೆ ಫೋನ್ ಮಾಡಿ ‘ಅಂಗೈ ನೋಡಿದ್ರಾ?’ ಎಂದು ಕೇಳುತ್ತೇನೆ. ಅಂಗೈಯಲ್ಲಿ ಸೂಜಿಮೊನೆಯಷ್ಟು ಗುಳಿಗಳಿದ್ದರೆ ಅದು ಗೋರ್ಲಿನ್ ಸಿಂಡ್ರೋಮ್ ಇರಬಹುದು. ಹಾಗಿದ್ದರೆ ಚರ್ಮದ ಕ್ಯಾನ್ಸರಿಗೂ ನಿಗಾ ಬೇಕು, ಮನೆಯ ಉಳಿದವರನ್ನೂ ಪರೀಕ್ಷಿಸಬೇಕು.

ಅಮೆಲೋಬ್ಲಾಸ್ಟೋಮಾ ಎಂದು ಬರೆದುಕೊಟ್ಟಾಗ ಮನೆಯವರಿಗೆ ಅರ್ಥ ಮಾಡಿಸುವುದು ಕಷ್ಟ. ‘ಕ್ಯಾನ್ಸರ್ ಅಲ್ಲ’ ಎಂದೊಡನೆ ಕೈ ಮುಗಿಯುತ್ತಾರೆ. ‘ಆದರೆ ದವಡೆಯ ಒಂದು ಭಾಗ ತೆಗೀಬೇಕು’ ಎಂದಾಗ ನಮ್ಮನ್ನೇ ಅನುಮಾನದಿಂದ ನೋಡುತ್ತಾರೆ. ಈ ಗಡ್ಡೆ ಸಾಮಾನ್ಯವಾಗಿ ದೂರದ ಅಂಗಗಳಿಗೆ ಹರಡುವುದಿಲ್ಲ, ನಿಜ. ಆದರೆ ಕೈಗೆ ಸಿಗುವ ಗಡ್ಡೆಯ ಅಂಚು ದಾಟಿ ಅದರ ಎಳೆಗಳು ಎಲುಬಿನ ಸಂದುಗಳಲ್ಲಿ ನುಗ್ಗಿರುತ್ತವೆ. ಕೆರೆದು ತೆಗೆದರೆ ಆ ಎಳೆಗಳಿಂದಲೇ ಮತ್ತೆ ಚಿಗುರುತ್ತದೆ. ಅದಕ್ಕೇ ಸುತ್ತ ಒಂದೆರಡು ಸೆಂಟಿಮೀಟರು ಒಳ್ಳೆಯ ಎಲುಬನ್ನೂ ಸೇರಿಸಿ ತೆಗೆಯುತ್ತಾರೆ. ಹತ್ತರಲ್ಲಿ ಎಂಟರಷ್ಟು ಬರುವುದು ಕೆಳದವಡೆಯಲ್ಲೇ. ಹೊನ್ನಾಳಿಯ ಹುಡುಗನಿಗೆ ಕಾಲಿನ ಸಣ್ಣ ಎಲುಬಿನ ತುಂಡನ್ನು ರಕ್ತನಾಳದ ಸಮೇತ ತೆಗೆದು ದವಡೆ ಕಟ್ಟಿದರು. ಅವನೀಗ ಚೆನ್ನಾಗಿ ಮಾತಾಡುತ್ತಾನೆ, ರೊಟ್ಟಿ ಮಾತ್ರ ಇನ್ನೊಂದು ಕಡೆಯಿಂದ ಅಗಿಯುತ್ತಾನೆ. 2014ರಲ್ಲಿ ಈ ಗಡ್ಡೆಗಳಲ್ಲಿ ಬಹಳಷ್ಟು ಬ್ರಾಫ್ ಎಂಬ ಜೀನಿನ ಒಂದೇ ಬಗೆಯ ದೋಷದಿಂದ ಬೆಳೆಯುತ್ತವೆ ಎಂದು ಗೊತ್ತಾಯಿತು. ಆ ದೋಷಕ್ಕೆ ಗುರಿಯಿಟ್ಟ ಮಾತ್ರೆಗಳನ್ನು ಕೆಲವು ರೋಗಿಗಳಲ್ಲಿ ಬಳಸಿ ನೋಡಿದ್ದಾರೆ. ನಮ್ಮ ಕಡೆ ಸದ್ಯಕ್ಕೆ ಶಸ್ತ್ರಚಿಕಿತ್ಸೆಯೇ ದಾರಿ.

ಹೆದರಿಸಿದ್ದು ಸಾಕು. ಬಾಯಲ್ಲಿ ಕಾಣುವ ಗಂಟುಗಳಲ್ಲಿ ಬಹುಪಾಲು ಪಾಪದವು. ಮಕ್ಕಳು ಕೆಳತುಟಿ ಕಚ್ಚಿಕೊಂಡು ಜೊಲ್ಲಿನ ನಾಳ ಹರಿದಾಗ ಏಳುವ ನೀಲಿ ಛಾಯೆಯ ನೀರುಗುಳ್ಳೆ ಇದೆ. ಚೂಪು ಹಲ್ಲು ತಾಗಿ ತಾಗಿ ಕೆನ್ನೆಯೊಳಗೆ ಗಟ್ಟಿಯಾದ ಮಾಂಸದ ಗುಂಡೂ ಇದೆ. ಬಸುರಿಯರ ವಸಡಿನಲ್ಲಿ ಕೆಂಪಗೆ ಬೆಳೆದು ಮುಟ್ಟಿದರೆ ರಕ್ತ ಬರುವ ಗಂಟು ಹೆರಿಗೆಯ ನಂತರ ತಾನಾಗಿಯೇ ಕುಗ್ಗುವುದುಂಟು. ಇನ್ನು ಅಂಗುಳಿನ ನಡುವೆ ಗಟ್ಟಿ ಗುಬ್ಬಿ ನಾಲಿಗೆಗೆ ಸಿಕ್ಕು, ಗೂಗಲ್ ನೋಡಿ, ರಾತ್ರಿ ನಿದ್ದೆಗೆಟ್ಟು ಬರುವವರಿದ್ದಾರೆ. ಅದು ಬರೀ ಎಲುಬಿನ ಉಬ್ಬು, ಬಿಟ್ಟರಾಯಿತು. 2019ರಲ್ಲಿ ಚೆನ್ನೈಯಲ್ಲಿ ಏಳು ವರ್ಷದ ಹುಡುಗನ ದವಡೆಯಿಂದ 526 ಪುಟ್ಟ ಹಲ್ಲುಗಳನ್ನು ತೆಗೆದರೆಂದು ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು, ನೆನಪಿರಬಹುದು. ಅದು ಒಡೊಂಟೋಮಾ. ಹಲ್ಲು ಕಟ್ಟುವ ಕೋಶಗಳು ಲೆಕ್ಕ ಮರೆತದ್ದು. ಪೂರಾ ತೆಗೆದರೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ.

ಗಂಟು ದವಡೆಯಲ್ಲಿದ್ದರೂ ರೋಗ ಅಲ್ಲಿರದೇ ಹೋಗಬಹುದು. ಜಗಳೂರಿನ ಹೆಂಗಸೊಬ್ಬರ ದವಡೆಯ ಚೂರಿನಲ್ಲಿ ಹತ್ತಾರು ಕೇಂದ್ರಗಳುಳ್ಳ ದೈತ್ಯ ಕೋಶಗಳು ತುಂಬಿದ್ದವು. ಸ್ಲೈಡಿನಲ್ಲಿ ಇದು ಎರಡು ರೋಗಗಳಲ್ಲಿ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತದೆ, ಅಲ್ಲಿ ನನ್ನ ಸೂಕ್ಷ್ಮದರ್ಶಕವೂ ಕೈಚೆಲ್ಲುತ್ತದೆ. ಅವರನ್ನು ಕರೆಸಿ ವಿಚಾರಿಸಿದೆ. ಎರಡು ಸಲ ಕಿಡ್ನಿಯಲ್ಲಿ ಕಲ್ಲಾಗಿತ್ತು, ಮೈಕೈ ಎಲುಬೆಲ್ಲ ನೋವು. ರಕ್ತ ಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಹೆಚ್ಚಿತ್ತು, ಪ್ಯಾರಾಥೈರಾಯ್ಡ್ ಹಾರ್ಮೋನು ಇನ್ನೂ ಹೆಚ್ಚು. ಕುತ್ತಿಗೆಯಲ್ಲಿನ ಒಂದು ಸಣ್ಣ ಗ್ರಂಥಿ ಬೆಳೆದು ಎಲುಬುಗಳ ಸುಣ್ಣವನ್ನೆಲ್ಲ ರಕ್ತಕ್ಕೆ ಎಳೆಯುತ್ತಿತ್ತು. ಆ ಗ್ರಂಥಿ ತೆಗೆದರು. ದವಡೆಗೆ ಕತ್ತರಿ ಹಾಕದೆಯೇ ಅಲ್ಲಿನ ಗುಳಿ ನಿಧಾನಕ್ಕೆ ತುಂಬಿಕೊಂಡಿತು. ಪರೀಕ್ಷೆಯ ಚೀಟಿಯಲ್ಲಿ ರೋಗಿಯ ಹಿಂದಿನ ಕಾಯಿಲೆಗಳನ್ನು ಬರೆಯಿರಿ ಎಂದು ನಾವು ಗೋಗರೆಯುವುದು ಇದಕ್ಕೇ. ಹೆಚ್ಚಿನ ಚೀಟಿಗಳಲ್ಲಿ ಇರುವುದು ಹೆಸರು, ವಯಸ್ಸು, ‘ದವಡೆ ಗಂಟು’, ಇಷ್ಟೇ.

ಇನ್ನು ಕ್ಯಾನ್ಸರ್. ಬಾಯಿಯ ಕ್ಯಾನ್ಸರ್ ಬಹುಪಾಲು ಎಲುಬಿನಲ್ಲಲ್ಲ, ಕೆನ್ನೆ, ನಾಲಿಗೆ, ವಸಡಿನ ಒಳಪೊರೆಯಲ್ಲಿ ಹುಟ್ಟುತ್ತದೆ; ನಮ್ಮ ಕಡೆ ವಿಶೇಷವಾಗಿ ಕಡ್ಡಿಪುಡಿ, ಗುಟ್ಕಾ ಒತ್ತಿಟ್ಟುಕೊಳ್ಳುವ ಸಂದಿಯಲ್ಲೇ. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಅಂಗಡಿಯವರು ಪಾನ್ ಮಸಾಲ ಒಂದು ಪ್ಯಾಕೆಟ್, ತಂಬಾಕು ಒಂದು ಪ್ಯಾಕೆಟ್ ಕೊಡತೊಡಗಿದರು, ಹುಡುಗರು ಅಂಗೈಯಲ್ಲೇ ಬೆರೆಸಿಕೊಳ್ಳತೊಡಗಿದರು. ತಂಬಾಕಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಅಡಿಕೆ ಬೆಳೆಯುವ ಚನ್ನಗಿರಿ ಸೀಮೆಯಲ್ಲಿ ಈ ಮಾತು ಯಾರಿಗೂ ಹಿಡಿಸದು. ನನ್ನ ತವರಿನಲ್ಲೂ ಅಡಿಕೆ ತೋಟವಿದೆ, ನಾನು ಓದಿದ್ದು ಅದರ ದುಡ್ಡಿನಲ್ಲೇ. ಆದರೂ ಸ್ಲೈಡಿನಲ್ಲಿ ಕಂಡದ್ದನ್ನು ಬೇರೆ ಥರ ಬರೆಯಲಾಗುವುದಿಲ್ಲ.

ಎರಡು ವಾರವಾದರೂ ಮಾಯದ ಹುಣ್ಣು, ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿಗೆ ಮೂರು ಬೆರಳು ಹಿಡಿಸದಷ್ಟು ಬಿಗಿತ, ಕಾರಣವಿಲ್ಲದೆ ಅಲುಗಾಡುವ ಒಂದೇ ಹಲ್ಲು, ಕಿತ್ತ ಮೇಲೆ ಒಣಗದ ಹಲ್ಲಿನ ಕುಳಿ, ಕೆಳತುಟಿಯ ಒಂದು ಬದಿ ಜೋಮು. ಇವುಗಳಲ್ಲಿ ಯಾವುದಿದ್ದರೂ ಅರಿಶಿನ, ಲವಂಗದೆಣ್ಣೆ, ಮೆಡಿಕಲ್ ಶಾಪಿನ ಮುಲಾಮು ಎನ್ನುತ್ತಾ ತಿಂಗಳು ಕಳೆಯಬಾರದು.

ಚೂರು ತೆಗೆಯಬೇಕು ಎಂದಾಗ ಎಲ್ಲರೂ ಹೇಳುವ ಮಾತೊಂದಿದೆ: ‘ಚಾಕು ತಾಗಿದ್ರೆ ಹರಡುತ್ತಂತೆ.’ ಈ ಮಾತಿನಿಂದ ಸತ್ತವರನ್ನು ನಾನು ಬಲ್ಲೆ. ಚೂರು ತೆಗೆಸಿದ್ದರಿಂದ ಬಾಯಿಯ ಕ್ಯಾನ್ಸರ್ ಹರಡುವುದಿಲ್ಲ. ಹರಡುವುದು ಹೆದರಿ ಮನೆಯಲ್ಲಿ ಕೂತ ತಿಂಗಳುಗಳಲ್ಲಿ. ಚೂರು ತೆಗೆಸಿಕೊಂಡವರಲ್ಲಿ ಕೆಲವರು ರಿಪೋರ್ಟ್ ಕೇಳಿ ಹೆದರಿ ಮನೆಗೆ ಹೋಗಿ ಆರು ತಿಂಗಳಾದ ಮೇಲೆ ಬರುತ್ತಾರೆ. ಆಗ ಬೆಳೆದದ್ದನ್ನು ಕಂಡ ಊರವರು ಅದಕ್ಕೂ ಚಾಕುವನ್ನೇ ದೂರುತ್ತಾರೆ. ತೆಗೆಯುವುದೂ ಹೆಚ್ಚೇನಲ್ಲ. ಆ ಜಾಗಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಹುಣ್ಣಿನ ಅಂಚಿನಿಂದ, ಒಳ್ಳೆಯ ಭಾಗವೂ ಸ್ವಲ್ಪ ಸೇರುವಂತೆ, ಕಡಲೆಬೇಳೆಯಷ್ಟು ತೆಗೆದು ಒಂದೆರಡು ಹೊಲಿಗೆ ಹಾಕುತ್ತಾರೆ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ನಿಮ್ಮದೋ ನಿಮ್ಮ ಮನೆಯವರದೋ ಬಾಯಿಯಿಂದ ಗಂಟು, ಚೀಲ, ಹುಣ್ಣು ಏನನ್ನೇ ತೆಗೆಯಲಿ, ಕುರ್ಚಿಯಿಂದ ಏಳುವ ಮೊದಲು ಡಾಕ್ಟರನ್ನು ಕೇಳಿ: ‘ತೆಗೆದದ್ದನ್ನ ಪರೀಕ್ಷೆಗೆ ಕಳಿಸ್ತೀರಲ್ವಾ?’ ಹತ್ತಿರದಲ್ಲಿ ಲ್ಯಾಬಿಲ್ಲ ಎಂದರೆ ಫಾರ್ಮಲಿನ್ ಹಾಕಿಸಿಕೊಂಡು ನೀವೇ ಯಾವುದಾದರೂ ದಂತ ವೈದ್ಯಕೀಯ ಕಾಲೇಜಿಗೆ ತನ್ನಿ. ಅಲ್ಲಿ ಖರ್ಚೂ ಕಡಿಮೆ. ರಿಪೋರ್ಟನ್ನೂ ಎಕ್ಸ್-ರೇಯನ್ನೂ ಪಹಣಿ, ಆಧಾರ್ ಕಾರ್ಡು ಇಡುವ ಕವರಿನಲ್ಲೇ ಇಟ್ಟುಕೊಳ್ಳಿ, ಹತ್ತು ವರ್ಷದ ಮೇಲೂ ಬೇಕಾಗಬಹುದು. ಮತ್ತೆ, ದಯವಿಟ್ಟು ಬಾಟಲಿಯ ಬಾಯಿ ಅಗಲವಾಗಿರಲಿ.